ಪಟ್ಟಿಯಲ್ಲಿಲ್ಲದ ನಂಬರು: ಪ್ರವೇಶ ಪರೀಕ್ಷೆ, ಪ್ರತಿಭೆ ಮತ್ತು ಕಾಯುವಿಕೆ

ದಲಿತ ವಿಮರ್ಶೆ ಅಂದ ಕೂಡಲೇ ನಾವು ಕತೆ, ಕವಿತೆ, ಆತ್ಮಕಥೆಗಳನ್ನು ಮುಂದಿಟ್ಟುಕೊಂಡು ಕೂರುತ್ತೇವೆ. ಅದು ಸಹಜವೇ. ಆದರೆ ನಮ್ಮ ಕೇರಿಗಳಲ್ಲಿ ಅತಿ ಹೆಚ್ಚು ಜನ ಭಯಭಕ್ತಿಯಿಂದ ನೋಡುವ ಪಠ್ಯ ಇವು ಯಾವುವೂ ಅಲ್ಲ. ಅದು ವರ್ಷಕ್ಕೊಮ್ಮೆ ಬರುವ ಒಂದು ಪ್ರಶ್ನೆಪತ್ರಿಕೆ. ಮತ್ತು ಕೆಲವು ತಿಂಗಳ ನಂತರ ಬರುವ ಒಂದು ಪಟ್ಟಿ. ಐದನೇ ಕ್ಲಾಸಿನ ಮಕ್ಕಳು ಬರೆಯುವ ನವೋದಯ ಪರೀಕ್ಷೆ, ಮೊರಾರ್ಜಿ ಪರೀಕ್ಷೆ, ಆದರ್ಶ ವಿದ್ಯಾಲಯದ ಪರೀಕ್ಷೆಗಳ ಮಾತು ಹೇಳುತ್ತಿದ್ದೇನೆ. ಓದು ಬರಹ ಬಾರದ ತಾಯಂದಿರೂ ಈ ಪಟ್ಟಿಯ ಮುಂದೆ ನಿಂತು "ನಮ್ಮುಡ್ಗನ ನಂಬರ್ ಅದಾ ನೋಡಪ್ಪ" ಎಂದು ಇನ್ನೊಬ್ಬರ ಕೈಯಲ್ಲಿ ಓದಿಸುತ್ತಾರೆ. ಇಷ್ಟು ಗಾಢವಾಗಿ ಓದಿಸಿಕೊಳ್ಳುವ ಪಠ್ಯವನ್ನು ವಿಮರ್ಶಕರು ಮುಟ್ಟದೆ ಬಿಟ್ಟಿರುವುದು ಯಾಕೆ ಎಂಬುದೇ ನನ್ನ ಮೊದಲ ತಕರಾರು.

ಮೊದಲು ಈ ಪರೀಕ್ಷೆ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಮಕ್ಕಳನ್ನು ಪರೀಕ್ಷೆಗೆ ಕೂರಿಸುವವರಿಗೂ ಇದರ ಲೆಕ್ಕಾಚಾರ ಪೂರ್ತಿ ಗೊತ್ತಿರುವುದಿಲ್ಲ. ನವೋದಯ ಶಾಲೆಗಳು 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಕೂಸು. ಹಳ್ಳಿಗಾಡಿನ ಜಾಣ ಮಕ್ಕಳಿಗೆ, ಅವರ ಮನೆಯ ಬಡತನ ಲೆಕ್ಕಿಸದೆ, ಒಳ್ಳೆಯ ಶಿಕ್ಷಣವನ್ನು ಪುಕ್ಕಟೆಯಾಗಿ ಕೊಡಬೇಕೆಂಬುದು ಉದ್ದೇಶ. ಈಗ ದೇಶದಲ್ಲಿ 600ಕ್ಕೂ ಹೆಚ್ಚು ಶಾಲೆಗಳಿವೆ. ಹಿಂದಿ ಹೇರಿಕೆಯ ಕಾರಣಕ್ಕೆ ಒಪ್ಪದ ತಮಿಳುನಾಡಿನಲ್ಲಿ ಮಾತ್ರ ಒಂದೂ ಇಲ್ಲ. ಒಂದು ಶಾಲೆಗೆ ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಮಕ್ಕಳು. ಇಡೀ ಜಿಲ್ಲೆಗೆ ಆ 80. ಅದರಲ್ಲಿ ಕನಿಷ್ಠ ಶೇಕಡ 75 ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಆಯಾ ಜಿಲ್ಲೆಯ ಜನಸಂಖ್ಯೆಗೆ ಅನುಗುಣವಾದ ಮೀಸಲಾತಿ. ಅದು ಶೇಕಡ 15 ಮತ್ತು 7.5ಕ್ಕಿಂತ ಕಡಿಮೆಯಾಗುವಂತಿಲ್ಲ.

ಪರೀಕ್ಷೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅಂದರೆ ಒಂದು ಪ್ರಶ್ನೆಗೆ ಒಂದೂವರೆ ನಿಮಿಷ. ಇದರಲ್ಲಿ 40 ಪ್ರಶ್ನೆ, 50 ಅಂಕ, ಮಾನಸಿಕ ಸಾಮರ್ಥ್ಯಕ್ಕೆ. ಉಳಿದ 40 ಪ್ರಶ್ನೆಗಳಲ್ಲಿ ಅರ್ಧ ಗಣಿತ, ಅರ್ಧ ಭಾಷೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇನ್ನೊಂದು ನಿಯಮ ಇದೆ, ಅದನ್ನು ಎಲ್ಲರೂ ನೆನಪಿಟ್ಟುಕೊಳ್ಳಬೇಕು: ಈ ಪರೀಕ್ಷೆಯನ್ನು ಒಂದು ಮಗು ಒಂದೇ ಸಲ ಬರೆಯಬಹುದು. ಎಸ್ಸೆಸ್ಸೆಲ್ಸಿ ಫೇಲಾದವನಿಗೆ ಮತ್ತೆ ಕೂರುವ ಅವಕಾಶವಿದೆ. ಐಎಎಸ್ ಬರೆಯುವವನಿಗೆ ಹಲವು ಅವಕಾಶಗಳಿವೆ. ಹತ್ತು ವರ್ಷದ ಮಗುವಿಗೆ ಮಾತ್ರ ಒಂದೇ.

ರಾಜ್ಯದ ವಸತಿ ಶಾಲೆಗಳ ಕತೆ ಸ್ವಲ್ಪ ಬೇರೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ, ಡಾ. ಬಿ.ಆರ್. ಅಂಬೇಡ್ಕರ್, ಇಂದಿರಾ ಗಾಂಧಿ ಹೀಗೆ ನಾನಾ ಹೆಸರಿನ 800ಕ್ಕೂ ಹೆಚ್ಚು ಶಾಲೆಗಳು ಒಂದು ಸಂಘದ ಅಡಿಯಲ್ಲಿವೆ. ಪ್ರವೇಶ ಪರೀಕ್ಷೆ ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಎಂಜಿನಿಯರಿಂಗ್ ಸೀಟು ಹಂಚುವ ಅದೇ ಕಚೇರಿ. ಐದನೇ ಕ್ಲಾಸಿನ ಮಗುವಿಗೂ ಅದೇ ಮಾದರಿ: ಅಂಕ, ಆಯ್ಕೆ ಬಯಸುವ ಶಾಲೆಗಳ ಪಟ್ಟಿ, ಮೊದಲ ಸುತ್ತು, ಎರಡನೇ ಸುತ್ತು. ಇಲ್ಲಿ ಸೀಟುಗಳೂ ಹೆಚ್ಚು, ನಮ್ಮ ಮಕ್ಕಳಿಗೆ ಸಿಗುವ ಪಾಲೂ ಹೆಚ್ಚು. ಈ ಶಾಲೆಗಳಿಲ್ಲದಿದ್ದರೆ ಕೂಲಿಗೆ ಹೋಗುತ್ತಿದ್ದ ಎಷ್ಟೋ ಹುಡುಗಿಯರು ಇವತ್ತು ನಾನು ಪಾಠ ಮಾಡುವ ಪದವಿ ತರಗತಿಯಲ್ಲಿ ಕೂತಿದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ವಸತಿ ಶಾಲೆ ಬೇಡ ಎನ್ನುವುದು ಹೊಟ್ಟೆ ತುಂಬಿದವರ ವಾದ. ನನ್ನ ಪ್ರಶ್ನೆ ಶಾಲೆಯ ಬಗ್ಗೆ ಅಲ್ಲ, ಬಾಗಿಲಲ್ಲಿಟ್ಟಿರುವ ಜರಡಿಯ ಬಗ್ಗೆ.

ಈಗ ಆ ಐವತ್ತು ಅಂಕಗಳ ಮಾನಸಿಕ ಸಾಮರ್ಥ್ಯಕ್ಕೆ ಬರೋಣ. ಅದರಲ್ಲಿ ಅಕ್ಷರವೇ ಇಲ್ಲ. ಬರೀ ಚಿತ್ರ. ಗುಂಪಿಗೆ ಸೇರದ್ದನ್ನು ಗುರುತಿಸು, ಕನ್ನಡಿಯಲ್ಲಿ ಇದು ಹೇಗೆ ಕಾಣುತ್ತದೆ, ಮಡಿಚಿ ತೂತು ಮಾಡಿದ ಕಾಗದವನ್ನು ಬಿಚ್ಚಿದರೆ ಹೇಗಿರುತ್ತದೆ, ಈ ದೊಡ್ಡ ಆಕೃತಿಯೊಳಗೆ ಆ ಚಿಕ್ಕ ಆಕೃತಿ ಎಲ್ಲಿ ಅಡಗಿದೆ. ಇದನ್ನು ರೂಪಿಸಿದವರ ತರ್ಕ ಕೆಟ್ಟದ್ದೇನಲ್ಲ. ಭಾಷೆಗೆ ಜಾತಿ ಇದೆ, ವರ್ಗ ಇದೆ. ಮನೆಯಲ್ಲಿ ಪುಸ್ತಕ ಇರುವ ಮಗು ಭಾಷೆಯಲ್ಲಿ ಗೆಲ್ಲುತ್ತದೆ. ತ್ರಿಕೋನಕ್ಕೆ, ಚೌಕಕ್ಕೆ ಜಾತಿ ಇಲ್ಲ. ಆದ್ದರಿಂದ ಚಿತ್ರ ಕೊಟ್ಟರೆ ಹಳ್ಳಿ ಮಗುವೂ ಪಟ್ಟಣದ ಮಗುವೂ ಸಮ. ಕೇಳಲು ನ್ಯಾಯವಾಗಿದೆ. ಆದರೆ ನಡೆದದ್ದೇನು? ಈ ಚಿತ್ರಗಳಿಗೆ ಗೈಡುಗಳು ಬಂದವು. ಗೈಡಿನ ಹಿಂದೆ ಕೋಚಿಂಗ್ ಕ್ಲಾಸು ಬಂತು. ತಾಲ್ಲೂಕು ಕೇಂದ್ರಗಳಲ್ಲಿ ಈಗ ನವೋದಯ ಕೋಚಿಂಗಿನ ಬೋರ್ಡು ಇಲ್ಲದ ಬೀದಿ ಕಡಿಮೆ. ಮಡಿಚಿದ ಕಾಗದದ ಲೆಕ್ಕವನ್ನು ನೂರು ಸಲ ಮಾಡಿದ ಮಗುವಿಗೆ ಅದು ಯೋಚಿಸುವ ಪ್ರಶ್ನೆಯಲ್ಲ, ನೆನಪಿನ ಪ್ರಶ್ನೆ. ಮೊದಲ ಸಲ ನೋಡುವ ಮಗುವಿಗೆ ಒಂದೂವರೆ ನಿಮಿಷದಲ್ಲಿ ಆ ಪ್ರಶ್ನೆ ಏನು ಕೇಳುತ್ತಿದೆ ಎಂದು ತಿಳಿಯುವುದೇ ದೊಡ್ಡದು. ಚೌಕಕ್ಕೆ ಜಾತಿ ಇಲ್ಲ ನಿಜ, ಚೌಕವನ್ನು ಕಲಿಸುವ ಗೈಡಿಗೆ ಬೆಲೆ ಇದೆ.

ಗಣಿತದ ಭಾಗದ್ದು ಬೇರೆ ತಮಾಷೆ. ನಾನು ನೋಡಿದ ಅಭ್ಯಾಸ ಪುಸ್ತಕಗಳಲ್ಲೆಲ್ಲ ಸರಳ ಬಡ್ಡಿ, ಲಾಭ ನಷ್ಟದ ಲೆಕ್ಕಗಳಿದ್ದವು. ವಾರ ವಾರ ಸಂಘದ ಕಂತು ಕಟ್ಟಲು ಅವ್ವ ಹೊಂದಿಸುವ ಪಾಡನ್ನು ನೋಡಿರುವ ಮಗುವಿಗೆ ಬಡ್ಡಿ ಹೊಸದಲ್ಲ. ಅದಕ್ಕೆ ಗೊತ್ತಿರುವ ಬಡ್ಡಿ ಸರಳವಲ್ಲ, ಅಷ್ಟೆ. ಭಾಷೆಯ ಭಾಗದಲ್ಲಿ ನಾಲ್ಕು ಗದ್ಯಭಾಗಗಳು, ಒಂದೊಂದಕ್ಕೆ ಐದೈದು ಪ್ರಶ್ನೆ. ಮಗು ತನ್ನ ಮಾತಿನಲ್ಲಿ ಒಂದು ಅಕ್ಷರವನ್ನೂ ಬರೆಯುವಂತಿಲ್ಲ. ನಾಲ್ಕರಲ್ಲಿ ಒಂದು ವೃತ್ತವನ್ನು ಪೆನ್ನಿನಿಂದ ತುಂಬಬೇಕು. ಮಾತು ಬಲ್ಲ ಸಮುದಾಯದ ಮಗು, ಸೋಬಾನೆ, ಗಾದೆ, ಒಗಟು ಕೇಳಿ ಬೆಳೆದ ಮಗು, ಇಲ್ಲಿ ಬಾಯಿಲ್ಲದ್ದಾಗುತ್ತದೆ.

ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಒಂದು ಪದ ಕಣ್ಣಿಗೆ ಬೀಳುತ್ತದೆ: ಪ್ರತಿಭೆ. ಈ ಶಾಲೆಗಳು ಹುಡುಕುವುದು ಪ್ರತಿಭಾವಂತ ಮಕ್ಕಳನ್ನು. ಆಯ್ಕೆಯಾದರೆ ಜಾತಿಸಂಘದವರು ಕೊಡುವುದು ಪ್ರತಿಭಾ ಪುರಸ್ಕಾರ. ಮೀಸಲಾತಿ ವಿರೋಧಿಗಳು ಅಳುವುದು ಪ್ರತಿಭೆಗೆ ಅನ್ಯಾಯವಾಯಿತೆಂದು. ಎಂ.ಎ. ತರಗತಿಯಲ್ಲಿ ಕಾವ್ಯಮೀಮಾಂಸೆ ಓದಿದ ನಮಗೆ ಈ ಪದ ಎಲ್ಲಿಂದ ಬಂತು ಅಂತ ಗೊತ್ತು. ಕಾವ್ಯಕ್ಕೆ ಕಾರಣಗಳು ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ಆಲಂಕಾರಿಕರು ಹೇಳಿದರು. ದಂಡಿ ಪ್ರತಿಭೆಯನ್ನು ಪೂರ್ವವಾಸನೆಗೆ, ಅಂದರೆ ಹಿಂದಿನ ಜನ್ಮದಿಂದ ಅಂಟಿಬಂದ ಸಂಸ್ಕಾರಕ್ಕೆ ಕಟ್ಟಿದ. ಇದನ್ನು ಪಾಠ ಮಾಡುವಾಗ ನಾವು ಸುಮ್ಮನೆ ದಾಟಿಬಿಡುತ್ತೇವೆ. ಆದರೆ ಹಿಂದಿನ ಜನ್ಮದ ಲೆಕ್ಕವೇ ಜಾತಿಯ ಲೆಕ್ಕವೂ ಹೌದಲ್ಲವೆ? ಈ ಜನ್ಮದಲ್ಲಿ ಹೊಲೆಯನಾಗಿ, ಮಾದಿಗನಾಗಿ ಹುಟ್ಟಿದ್ದಕ್ಕೆ ಹಿಂದಿನ ಜನ್ಮದ ಕರ್ಮವೇ ಕಾರಣ ಅಂದವರ ಬಾಯಲ್ಲೇ ಪ್ರತಿಭೆಯೂ ಹಿಂದಿನ ಜನ್ಮದ್ದಾಗಿತ್ತು. ಇವತ್ತು ಯಾರೂ ಹಿಂದಿನ ಜನ್ಮ ಅನ್ನುವುದಿಲ್ಲ. 'ಹುಟ್ಟಾ ಜಾಣ' ಅನ್ನುತ್ತಾರೆ. ಪದ ಬದಲಾಗಿದೆ, ಗುಣಾಕಾರ ಅದೇ.

ದಂಡಿಗೆ ಅನ್ಯಾಯ ಮಾಡಬಾರದು. ಪೂರ್ವವಾಸನೆ ಇಲ್ಲದಿದ್ದರೂ ಶ್ರವಣದಿಂದ, ಪ್ರಯತ್ನದಿಂದ ವಾಣಿ ಒಲಿದೇ ಒಲಿಯುತ್ತಾಳೆ ಎಂದು ಆತ ಒಂದು ಬಾಗಿಲನ್ನು ತೆರೆದಿಟ್ಟ. ಹಾಗೆ ನೋಡಿದರೆ ಮತ್ತೆ ಪ್ರಯತ್ನ ಮಾಡುವಂತಿಲ್ಲ ಎನ್ನುವ ನವೋದಯದ ನಿಯಮಕ್ಕಿಂತ ದಂಡಿಯೇ ಉದಾರಿ. ಇಲ್ಲಿನ ಮೋಸ ಇಷ್ಟೆ: ಪರೀಕ್ಷೆ ಅಳೆಯುತ್ತಿರುವುದು ಅಭ್ಯಾಸವನ್ನು, ಹೆಸರು ಕೊಡುತ್ತಿರುವುದು ಪ್ರತಿಭೆ ಎಂದು. ಅಭ್ಯಾಸ ಎಂದು ಒಪ್ಪಿಕೊಂಡರೆ ಯಾರಿಗೆ ಅಭ್ಯಾಸಕ್ಕೆ ಜಾಗ, ದೀಪ, ಸಮಯ, ಗೈಡು ಸಿಕ್ಕಿತು ಎಂಬ ಪ್ರಶ್ನೆ ಏಳುತ್ತದೆ. ಪ್ರತಿಭೆ ಎಂದುಬಿಟ್ಟರೆ ಪ್ರಶ್ನೆಯೇ ಇಲ್ಲ.

ಈ ಪದದ ರಾಜಕೀಯ ಕರ್ನಾಟಕದಲ್ಲಿ ಹೊಸದೇನಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದಾಗ, ಸರ್ಕಾರಿ ಹುದ್ದೆಗಳಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಟ್ಟರೆ ದಕ್ಷತೆ ಹಾಳಾಗುತ್ತದೆ ಎಂಬ ವಾದವೇ ಎದುರು ನಿಂತಿತ್ತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಅಧಿಕಾರ ಬಿಟ್ಟ ಹಿನ್ನೆಲೆಯಲ್ಲಿ ಈ ಭಿನ್ನಾಭಿಪ್ರಾಯವೂ ಇತ್ತು. ಇನ್ನೂ ಹಿಂದಕ್ಕೆ ಹೋದರೆ ಧಾರವಾಡ ಸಿಗುತ್ತದೆ. 1856ರಲ್ಲಿ ಒಬ್ಬ ಮಹಾರ್ ಹುಡುಗ ಅಲ್ಲಿನ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಅರ್ಜಿ ಹಾಕಿಕೊಂಡ. ಅವನು ಫೀಸು ಕೊಡಲು ತಯಾರಿದ್ದ. ಅರ್ಜಿ ಮುಂಬಯಿ ಸರ್ಕಾರದವರೆಗೆ ಹೋಯಿತು. ನ್ಯಾಯ ಹುಡುಗನ ಕಡೆಗಿದೆ, ಆದರೆ ಒಬ್ಬನಿಗಾಗಿ ಶಾಲೆಯನ್ನು ಮಿಕ್ಕವರಿಗೆಲ್ಲ ಉಪಯೋಗವಿಲ್ಲದಂತೆ ಮಾಡಲಾಗದು ಎಂಬ ಧಾಟಿಯ ಉತ್ತರ ಬಂತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲರಿಗೂ ತೆರೆದಿರಬೇಕು ಎಂದರು. ಅಂಬೇಡ್ಕರ್ ಕೂಡ ಈ ಪ್ರಕರಣವನ್ನು ತಮ್ಮ ವಾದಗಳಲ್ಲಿ ಎತ್ತಿದ್ದಾರೆ. ನನ್ನನ್ನು ಕಾಡುವುದು ಆ ಆದೇಶಗಳಲ್ಲ. ಅರ್ಜಿ ಕೊಟ್ಟ ದಿನಕ್ಕೂ ಉತ್ತರ ಬಂದ ದಿನಕ್ಕೂ ನಡುವೆ ಆ ಹುಡುಗ ಏನು ಮಾಡುತ್ತಿದ್ದ ಎಂಬುದು. ದಫ್ತರಗಳಲ್ಲಿ ಅದಕ್ಕೆ ಜಾಗವಿಲ್ಲ. ಕಾಯುವುದು ದಾಖಲಾಗುವುದಿಲ್ಲ.

ಕಾಯುವಿಕೆಯನ್ನು ದಲಿತ ಅನುಭವದ ಒಂದು ಮೂಲ ರೂಪವೆಂದು ಮೊದಲು ಕಂಡವರೂ ಅಂಬೇಡ್ಕರರೇ. 1930ರ ದಶಕದ ನಡುವಿನಲ್ಲಿ ಬರೆದು, ಅವರ ಕಾಲಾನಂತರ 1990ರಲ್ಲಿ ಅಚ್ಚಾದ ಆತ್ಮಕಥನದ ತುಣುಕುಗಳಿಗೆ ಇರುವ ಹೆಸರು 'ವೇಟಿಂಗ್ ಫಾರ್ ಎ ವೀಸಾ'. ತನ್ನದೇ ನೆಲದಲ್ಲಿ ಒಳಬರುವ ಅನುಮತಿಗೆ ಕಾದು ನಿಂತವನ ಬರಹ ಅದು. ಅದರ ಮೊದಲ ಪ್ರಸಂಗ 1901ರದ್ದು. ಮಕ್ಕಳು ಅಪ್ಪನನ್ನು ನೋಡಲು ರೈಲಿನಲ್ಲಿ ಹೊರಟು ಮಸೂರು ನಿಲ್ದಾಣದಲ್ಲಿ ಇಳಿಯುತ್ತಾರೆ. ಕರೆದೊಯ್ಯಲು ಯಾರೂ ಬಂದಿಲ್ಲ. ಬರುತ್ತೇವೆಂದು ಬರೆದ ಕಾಗದವನ್ನು ಆಳು ಅಪ್ಪನಿಗೆ ಕೊಡಲು ಮರೆತಿದ್ದಾನೆ. ನಿಲ್ದಾಣದಲ್ಲಿ ಕಾಯುವಾಗಲೇ ಅವರ ಜಾತಿ ಬಯಲಾಗುತ್ತದೆ, ಗಾಡಿ ಸಿಗುವುದಿಲ್ಲ, ನೀರು ಸಿಗುವುದಿಲ್ಲ. ಕೈ ಸೇರದ ಒಂದು ಕಾಗದ ಮೇಲ್ಜಾತಿಯವನಿಗಾದರೆ ಬರೀ ತಡ. ಇವರಿಗೆ ಅದು ಒಂದು ರಾತ್ರಿಯ ನರಕ.

ಪ್ರವೇಶ ಪರೀಕ್ಷೆಯ ಕಾಯುವಿಕೆಯೂ ಪರೀಕ್ಷೆಯ ನಂತರ ಶುರುವಾಗುವುದಲ್ಲ, ಮುಂಚೆಯೇ ಶುರುವಾಗುತ್ತದೆ. ಮೊರಾರ್ಜಿ ಅರ್ಜಿಗೆ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರದ ಆರ್.ಡಿ. ನಂಬರು ಬೇಕು. ಅದಕ್ಕೆ ನಾಡಕಚೇರಿಗೆ ಹೋಗಬೇಕು. ಒಂದು ದಿನ ಸರ್ವರ್ ಇಲ್ಲ, ಇನ್ನೊಂದು ದಿನ ಗ್ರಾಮ ಲೆಕ್ಕಿಗರಿಲ್ಲ. ಪ್ರತಿ ಓಡಾಟಕ್ಕೂ ಒಂದು ದಿನದ ಕೂಲಿ ಹೋಗುತ್ತದೆ. ಶಾಲೆಯ ದಾಖಲೆಯಲ್ಲಿ ಮಗುವಿನ ಹೆಸರು ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. ನಮ್ಮ ಪಕ್ಕದೂರಿನ ಹೆಣ್ಣುಮಗಳೊಬ್ಬಳು ಹೇಳಿದ ಮಾತು: "ಮಗ ಬರೆಯೋ ಪರೀಕ್ಷೆ ಎರಡು ಗಂಟೆ ಕನಣ್ಣ, ನಾನು ಬರೆದಿದ್ದು ಎರಡು ತಿಂಗ್ಳು." ಈ ಎರಡು ತಿಂಗಳ ಪರೀಕ್ಷೆಗೆ ಯಾವ ಕೋಚಿಂಗೂ ಇಲ್ಲ, ಯಾವ ಪಟ್ಟಿಯೂ ಇಲ್ಲ.

ಈಚಿನ ವರ್ಷಗಳಲ್ಲಿ ನವೋದಯ ಪರೀಕ್ಷೆ ನಮ್ಮ ಕಡೆ ಡಿಸೆಂಬರ್ ಅಥವಾ ಜನವರಿಯಲ್ಲಿ ಆಗಿ, ಫಲಿತಾಂಶ ಮಾರ್ಚ್ ಹೊತ್ತಿಗೆ ಬರುತ್ತಿದೆ. ಮೊದಲು ಬೇಸಿಗೆ ರಜೆಯವರೆಗೂ ಎಳೆಯುತ್ತಿತ್ತು. ಆಗ ಫಲಿತಾಂಶ ಕಾಗದದಲ್ಲಿ ಬರುತ್ತಿತ್ತು, ಶಾಲೆಯ ವಿಳಾಸಕ್ಕೆ. ಏಪ್ರಿಲ್‌ನಲ್ಲಿ ಶಾಲೆಗೆ ಬೀಗ. ಮೇಷ್ಟ್ರು ಅವರ ಊರಿನಲ್ಲಿ. ಮೇಷ್ಟ್ರ ಮಗನೂ ಅದೇ ಪರೀಕ್ಷೆ ಬರೆದಿದ್ದರೆ ಸುದ್ದಿ ಬೇಗ ತಿಳಿಯುತ್ತಿತ್ತು, ಇಲ್ಲದಿದ್ದರೆ ಇಲ್ಲ. ನಾನು ಬರೆದದ್ದು 2008ರಲ್ಲಿ. ನನಗೆ ಆಗಲಿಲ್ಲ ಅಂತ ಯಾರೂ ಬಂದು ಹೇಳಲಿಲ್ಲ. ದಿನಾ ಸಂಜೆ ಅವ್ವ "ಏನಾಯ್ತಪ್ಪ, ಲಿಸ್ಟ್ ಬಂತಾ?" ಅನ್ನೋಳು, "ಇನ್ನೂ ಬಂದಿಲ್ಲ ಕನವ್ವ" ಅನ್ನೋನು ನಾನು. ಜೂನ್ ಬಂತು. ಊರ ಶಾಲೆಯಲ್ಲೇ ಆರನೇ ಕ್ಲಾಸಿಗೆ ಹಾಜರಿ ಕೂಗಿದರು. ಆವತ್ತಿನಿಂದ ಅವ್ವ ಕೇಳುವುದು ನಿಂತಿತು. ನನ್ನ ಮಟ್ಟಿಗೆ ಅದೇ ಫಲಿತಾಂಶ.

ಇಲ್ಲಿ ಪಟ್ಟಿ ಎಂಬ ಪಠ್ಯದ ಸ್ವರೂಪವನ್ನು ಗಮನಿಸಬೇಕು. ಅದರಲ್ಲಿರುವುದು ಆಯ್ಕೆಯಾದವರ ಕ್ರಮಸಂಖ್ಯೆಗಳು. ಆಯ್ಕೆಯಾಗದ ಮಗುವಿಗೆ ಅದು ಏನನ್ನೂ ಹೇಳುವುದಿಲ್ಲ. ಒಂದು ಅಂಕದಲ್ಲಿ ಹೋಯಿತೋ ಅರವತ್ತು ಅಂಕದಲ್ಲಿ ಹೋಯಿತೋ, ಚಿತ್ರದಲ್ಲಿ ಸೋತಿತೋ ಗಣಿತದಲ್ಲಿ ಸೋತಿತೋ, ವೃತ್ತ ತುಂಬುವಾಗ ಒಂದು ಸಾಲು ತಪ್ಪಿತೋ, ಏನೂ ಗೊತ್ತಾಗುವುದಿಲ್ಲ. ಪಟ್ಟಿ ಸುಮ್ಮನಿರುತ್ತದೆ. ಆ ಮೌನವನ್ನು ಊರು ತುಂಬುತ್ತದೆ. ಗೆದ್ದರೆ "ಅವ್ರಿಗೇನಪ್ಪ, ಕೋಟಾ ಅದೆ". ಸೋತರೆ "ಕೋಟಾ ಇದ್ರೂ ಆಗ್ಲಿಲ್ವಲ್ಲ". ಎರಡೂ ಮಾತು ಒಂದೇ ಜಗಲಿಯಿಂದ ಬರುತ್ತವೆ. ಅರವಿಂದ ಮಾಲಗತ್ತಿಯವರು ತಮ್ಮ ಆತ್ಮಕಥನಕ್ಕೆ 'ಗೌರ್ಮೆಂಟ್ ಬ್ರಾಹ್ಮಣ' ಎಂಬ ಹಂಗಿಸುವ ಮಾತನ್ನೇ ಹೆಸರಾಗಿ ಇಟ್ಟರು. ಆ ಹಂಗಿನ ಮಾತಿನ ಮೊದಲ ಪಾಠ ಇವತ್ತಿನ ಮಕ್ಕಳಿಗೆ ಹತ್ತನೇ ವಯಸ್ಸಿಗೇ ಆಗುತ್ತಿದೆ. ಮೆರಿಟ್ಟಿನಲ್ಲೇ ಬಂದ ಪರಿಶಿಷ್ಟರನ್ನು ಮೀಸಲು ಲೆಕ್ಕಕ್ಕೆ ಸೇರಿಸಬಾರದು ಎಂಬ ತತ್ವವನ್ನು ಸುಪ್ರೀಂ ಕೋರ್ಟು 1992ರ ಇಂದ್ರಾ ಸಾಹ್ನಿ ತೀರ್ಪಿನಲ್ಲಿ ಹೇಳಿದೆ. ಜಗಲಿಗೆ ಆ ತೀರ್ಪು ಇನ್ನೂ ತಲುಪಿಲ್ಲ.

ಕಾಯುವ ಕಾಲವೂ ಎಲ್ಲರಿಗೂ ಒಂದೇ ಅಲ್ಲ. ಉಳ್ಳವರ ಮಗು ಕಾಯುವಾಗ ಖಾಸಗಿ ಶಾಲೆಯಲ್ಲಿ ಒಂದು ಸೀಟು ಹಿಡಿದಿಟ್ಟುಕೊಂಡು ಕಾಯುತ್ತದೆ. ನಮ್ಮ ಮಗು ಬರಿಗೈಲಿ ಕಾಯುತ್ತದೆ. ಬೇಸಿಗೆಯಲ್ಲಿ ಕೂಲಿ ಹುಡುಕಿಕೊಂಡು ಅಪ್ಪ ಅವ್ವ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಕಾಫಿ ತೋಟಕ್ಕೋ ಹೋದರೆ ಅರ್ಜಿಯಲ್ಲಿ ಕೊಟ್ಟ ಮೊಬೈಲು ಅವರ ಜೇಬಿನಲ್ಲೇ ಹೋಗುತ್ತದೆ. ಎರಡನೇ ಸುತ್ತಿನಲ್ಲಿ ಸೀಟು ಸಿಕ್ಕಿದೆ, ಇಂಥ ದಿನದೊಳಗೆ ಬಂದು ದಾಖಲಾಗಿ ಎಂಬ ಸಂದೇಶ ಕರೆನ್ಸಿ ಇಲ್ಲದ ಫೋನಿಗೆ ಬಂದರೆಷ್ಟು ಬಿಟ್ಟರೆಷ್ಟು. ಹೆಣ್ಣುಮಕ್ಕಳದ್ದು ಇನ್ನೂ ಒಂದು ಸುತ್ತು ಹೆಚ್ಚು. ಸೀಟು ಬಂದ ಮೇಲೂ "ಅಷ್ಟು ದೂರ ಯಾಕೆ ಮಗ" ಎನ್ನುವ ಅಜ್ಜಿಯ ತೀರ್ಮಾನಕ್ಕೆ ಅವರು ಕಾಯಬೇಕು.

ಕಾನೂನಿನ ಮಾತೂ ಒಂದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ, ಪ್ರವೇಶದ ಸಂದರ್ಭದಲ್ಲಿ ಮಗುವನ್ನಾಗಲೀ ಪೋಷಕರನ್ನಾಗಲೀ ಸೋಸುವ ಪರೀಕ್ಷೆಗೆ ಒಡ್ಡಬಾರದು ಎನ್ನುತ್ತದೆ. ಅದೇ ಕಾಯ್ದೆ ಕೇಂದ್ರೀಯ ವಿದ್ಯಾಲಯ, ನವೋದಯ, ಸೈನಿಕ ಶಾಲೆಗಳನ್ನು 'ನಿರ್ದಿಷ್ಟ ವರ್ಗದ' ಶಾಲೆಗಳೆಂದು ಬೇರೆ ಗುಂಪು ಮಾಡುತ್ತದೆ. ನವೋದಯದ ಪರೀಕ್ಷೆ ಮುಂದುವರಿದಿದೆ. ಅಂದರೆ ಪರೀಕ್ಷೆ ಮಗುವಿಗೆ ಅನ್ಯಾಯ ಎಂದು ತತ್ವದಲ್ಲಿ ಒಪ್ಪಿಕೊಂಡ ಸರ್ಕಾರವೇ ಆಚರಣೆಯಲ್ಲಿ ಅದನ್ನು ನಡೆಸುತ್ತಿದೆ. ಸೀಟು ಕಡಿಮೆ, ಬೇಡುವವರು ಹೆಚ್ಚು, ಬೇರೆ ದಾರಿ ಏನು ಎನ್ನುತ್ತಾರೆ. ದಾರಿ ಇದೆ, ಊರ ಶಾಲೆಯನ್ನೇ ಆ ಮಟ್ಟಕ್ಕೆ ತರುವುದು. ಅದು ದುಬಾರಿ. ಪರೀಕ್ಷೆ ಅಗ್ಗ. ಅಷ್ಟೇ ಅಲ್ಲ, ಊರ ಶಾಲೆ ಹಾಳಾಗಿದ್ದಕ್ಕೆ ಸರ್ಕಾರ ಉತ್ತರ ಹೇಳಬೇಕಾಗುತ್ತದೆ. ಪರೀಕ್ಷೆಯಲ್ಲಿ ಫೇಲಾಗಿದ್ದಕ್ಕೆ ಮಗು ತಾನೇ ಉತ್ತರ ಹೇಳಿಕೊಳ್ಳುತ್ತದೆ.

ನಮ್ಮ ಸಾಹಿತ್ಯ ಚರಿತ್ರೆಗೂ ಇದಕ್ಕೂ ಸಂಬಂಧ ಇದೆ. ಎಪ್ಪತ್ತರ ದಶಕದ ದಲಿತ ಬರಹ, ದಲಿತ ಸಂಘರ್ಷ ಸಮಿತಿ, 1973ರ ಬೂಸಾ ಚಳವಳಿಯಲ್ಲಿ ಬೀದಿಗಿಳಿದ ಹುಡುಗರು, ಇವರಲ್ಲಿ ಬಹಳ ಜನ ಹಾಸ್ಟೆಲ್ಲಿನವರು. ಸಿದ್ಧಲಿಂಗಯ್ಯನವರ 'ಊರುಕೇರಿ' ಓದಿದವರಿಗೆ ಆ ಹಾಸ್ಟೆಲ್ ಲೋಕ ಕಣ್ಣಿಗೆ ಕಟ್ಟಿರುತ್ತದೆ. ಅಲ್ಲಿ ಅನ್ನ ಸರಿ ಇರಲಿಲ್ಲ, ಜಾಗ ಇರಲಿಲ್ಲ, ವಾರ್ಡನ್ನಿನ ಕಾಟ ಇತ್ತು. ಆದರೆ ಒಳಗೆ ಹೋಗಲು ಕನ್ನಡಿ ಬಿಂಬದ ಚಿತ್ರ ಗುರುತಿಸಬೇಕಾಗಿರಲಿಲ್ಲ. ಬಡವನಾಗಿರುವುದು, ಓದಬೇಕು ಅನ್ನುವುದು ಸಾಕಾಗಿತ್ತು. ಹೀಗಾಗಿ ಜಾಣನೂ ದಡ್ಡನೂ ಉಡಾಳನೂ ಹಾಡುಗಾರನೂ ಒಂದೇ ಕೋಣೆಯಲ್ಲಿ ಮಲಗಿದರು. ಆ ಕಲಬೆರಕೆಯಿಂದ ಚಳವಳಿ ಹುಟ್ಟಿತು. ಈಗಿನ ವಸತಿ ಶಾಲೆ ಸೌಲಭ್ಯದಲ್ಲಿ ಎಷ್ಟೋ ಮೇಲು, ಬಹುಪಾಲು ಇಂಗ್ಲಿಷ್ ಮಾಧ್ಯಮ, ಫಲಿತಾಂಶವೂ ಚೆನ್ನ. ಆದರೆ ಜರಡಿಯ ಮೇಲೆ ಉಳಿದವರು ಒಂದು ಕಡೆ, ಕೆಳಗೆ ಬಿದ್ದವರು ಇನ್ನೊಂದು ಕಡೆ. ಒಂದೇ ಕೇರಿಯ ಇಬ್ಬರು ಗೆಳೆಯರು ಹತ್ತನೇ ವಯಸ್ಸಿಗೆ ಬೇರೆಯಾಗುತ್ತಾರೆ. ಮುಂದೆ ಬರೆಯುವವನು ಒಬ್ಬ, ಅವನ ಬರಹದಲ್ಲಿ ಪಾತ್ರವಾಗುವವನು ಇನ್ನೊಬ್ಬ. ಈ ಅಂತರ ಹೊಸ ದಲಿತ ಬರಹದ ಧ್ವನಿಯಲ್ಲಿ ಕೇಳಿಸುತ್ತಿದೆ ಎಂದು ನನ್ನ ಅನುಮಾನ. ಬಲ್ಲವರು ಚರ್ಚಿಸಲಿ.

2024ರ ಫೆಬ್ರವರಿಯಲ್ಲಿ ಸಮಾಜ ಕಲ್ಯಾಣ ಇಲಾಖೆಯ ವಸತಿ ಶಾಲೆಗಳ ಬಾಗಿಲ ಬರಹ ದೊಡ್ಡ ಗದ್ದಲವಾಯಿತು. ಕೈಮುಗಿದು ಒಳಬರಲು ಹೇಳುವ ಬರಹದ ಜಾಗದಲ್ಲಿ ಧೈರ್ಯದಿಂದ ಪ್ರಶ್ನಿಸಲು ಹೇಳುವ ಬರಹ ಬಂತು. ಕುವೆಂಪುಗೆ ಅವಮಾನವಾಯಿತೋ ಇಲ್ಲವೋ ಎಂದು ವಾರಗಟ್ಟಲೆ ಜಗಳ. ನನಗೆ ಆ ಹೊಸ ಬರಹ ಇಷ್ಟವೇ. ಆದರೆ ಆ ಬಾಗಿಲಿಗೆ ಬರುವ ಮುಂಚೆ ಮಗು ದಾಟಿ ಬಂದ ಇನ್ನೊಂದು ಬಾಗಿಲಿದೆ. ಅಲ್ಲಿ ಪ್ರಶ್ನೆ ಕೇಳುವ ಹಕ್ಕು ಒಂದೇ ಕಡೆಗೆ. ಗದ್ದಲ ಮಾಡಿದ ಎರಡೂ ಪಕ್ಷದವರು ಆ ಬಾಗಿಲ ಬಗ್ಗೆ ಒಂದು ಮಾತೂ ಆಡಲಿಲ್ಲ.

ಸಂಘಟನೆಗಳಲ್ಲಿರುವ ಗೆಳೆಯರಿಗೆ ಕೆಲವು ಕೇಳಿಕೆಗಳಿವೆ. ಬರೆದ ಪ್ರತಿ ಮಗುವಿಗೂ ಅದರ ಅಂಕ, ವಿಭಾಗವಾರು, ಕೈಗೆ ಸಿಗಬೇಕೆಂದು ಒತ್ತಾಯಿಸೋಣ; ಇದಕ್ಕೆ ಸರ್ಕಾರಕ್ಕೆ ಹೆಚ್ಚು ಖರ್ಚಿಲ್ಲ. ಒಂದೇ ಸಲ ಎಂಬ ನಿಯಮ ಹೋಗಬೇಕು. ಎರಡನೇ ಸುತ್ತಿನ ಸೀಟಿನ ಸುದ್ದಿ ಫೋನಿಗೆ ಮಾತ್ರವಲ್ಲ, ಅಂಗನವಾಡಿ ಕಾರ್ಯಕರ್ತೆಯ ಮೂಲಕ ಮನೆ ಬಾಗಿಲಿಗೆ ಬರಬೇಕು. ಫಲಿತಾಂಶ ಬಂದ ವಾರ ನಮ್ಮ ಶಾಖೆಗಳವರು ಗೆದ್ದವರಿಗೆ ಶಾಲು ಹೊದಿಸುವುದರ ಜೊತೆಗೆ ಪಟ್ಟಿಯಲ್ಲಿಲ್ಲದ ಮಕ್ಕಳ ಮನೆಗೂ ಹೋಗಿ ಬರಲಿ. ವಿಮರ್ಶಕ ಗೆಳೆಯರಿಗೆ ಇರುವುದು ಒಂದೇ ಕೇಳಿಕೆ. ಕಳೆದ ಇಪ್ಪತ್ತು ವರ್ಷಗಳ ಈ ಪ್ರಶ್ನೆಪತ್ರಿಕೆಗಳನ್ನು, ಮುಖ್ಯವಾಗಿ ಕನ್ನಡ ಗದ್ಯಭಾಗಗಳನ್ನು, ಒಂದು ಕಡೆ ಕೂಡಿಸಿ ಓದಬೇಕಾಗಿದೆ. ಅವುಗಳಲ್ಲಿ ಬರುವ ಊರು ಯಾವುದು, ಮನೆ ಯಾವುದು, ಅಪ್ಪ ಏನು ಕೆಲಸ ಮಾಡುತ್ತಾನೆ, ಕೇರಿ ಒಂದು ಸಲವಾದರೂ ಬಂದಿದೆಯೆ ಎಂದು ನೋಡಬೇಕು. ನನ್ನ ಹತ್ತಿರ ಆರು ವರ್ಷದ ಪತ್ರಿಕೆಗಳಿವೆ. ಮಿಕ್ಕವು ಯಾರ ಮನೆಯ ಅಟ್ಟದಲ್ಲಾದರೂ, ಹಳೆಯ ಗೈಡಿನ ನಡುವೆ ಮಡಿಚಿಟ್ಟಲ್ಲಾದರೂ ಇದ್ದರೆ ತೆಗೆದಿಡಿ.